ಕಂದಿನ ವಂಶ, ಬೀಜದ ವಂಶ

(ಮೈಸೂರು ಸೀಮೆಯ ಊರೊಂದರ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳು ಮತ್ತು ರೈತರು ಸೇರಿದ್ದ ಸಭೆಯಲ್ಲಿ ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹರೂಪ)



ಈ ಸಭಾಂಗಣದ ಬಾಗಿಲಿಗೆ ಎರಡು ಬಾಳೆಗಿಡ ಕಟ್ಟಿದ್ದೀರಿ, ಮೇಲೆ ಮಾವಿನೆಲೆಯ ತೋರಣ ಬಿಟ್ಟಿದ್ದೀರಿ. ಶುಭಕಾರ್ಯಕ್ಕೆ ಇವೆರಡನ್ನೂ ಜೊತೆಗೆ ತರುವುದು ನಮ್ಮ ವಾಡಿಕೆ. ಒಳಗೆ ಬರುವಾಗ ನಾನು ಒಂದು ಕ್ಷಣ ಅಲ್ಲೇ ನಿಂತೆ. ಇವತ್ತು ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆನೋ ಅದೆಲ್ಲ ಆ ಬಾಗಿಲಲ್ಲೇ ಇತ್ತು. ಬಾಳೆ, ಮಾವು ಎರಡೂ ಒಂದೇ ಬಾಗಿಲಿಗೆ ಸಿಂಗಾರವಾದರೂ ವಂಶ ಮುಂದುವರಿಸುವ ವಿಷಯ ಬಂದಾಗ ಒಂದು ಉತ್ತರಕ್ಕೆ ಮುಖ ಮಾಡಿದರೆ ಇನ್ನೊಂದು ದಕ್ಷಿಣಕ್ಕೆ ಮುಖ ಮಾಡುತ್ತದೆ.

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ನಿಮಗೆಲ್ಲ ಗೊತ್ತು. ಈ ಗಾದೆ ಬಾಳೆಯ ಮಟ್ಟಿಗೆ ಅಕ್ಷರಶಃ ನಿಜ, ಮಾವಿನ ಮಟ್ಟಿಗೆ ಬಹುಪಾಲು ಸುಳ್ಳು. ಮಗಳು ತಾಯಿಯಂತೆಯೇ ಇದ್ದರೆ ಒಳ್ಳೆಯದೋ, ಬೇರೆಯಾಗಿದ್ದರೆ ಒಳ್ಳೆಯದೋ ಎಂಬುದು ಕೇಳಲು ಮನೆಮಾತಿನ ಪ್ರಶ್ನೆಯಂತಿದೆ. ಆದರೆ ಜೀವಲೋಕದ ಬಹಳ ಹಳೆಯ ಪ್ರಶ್ನೆಗಳಲ್ಲಿ ಇದೂ ಒಂದು. ಹೊಲ ತೋಟ ಮಾಡುವವರಿಗಂತೂ ಇದು ಅನ್ನದ ಪ್ರಶ್ನೆ.

ಮೊದಲು ಬಾಳೆಯನ್ನು ನೋಡೋಣ. ಬಾಳೆಗಿಡ ಒಮ್ಮೆ ಗೊನೆ ಹಾಕಿದರೆ ಅದರ ಆಯುಷ್ಯ ಮುಗಿಯಿತು. ಅಷ್ಟರಲ್ಲಿ ಅದರ ಬುಡದ ಗೆಡ್ಡೆಯಿಂದ ಮೂರೋ ನಾಲ್ಕೋ ಕಂದುಗಳು ಎದ್ದಿರುತ್ತವೆ. ಅವುಗಳಲ್ಲಿ ಕತ್ತಿಯಂಥ ಎಲೆಯ ದಷ್ಟಪುಷ್ಟವಾದ ಕಂದನ್ನು ಕಿತ್ತು ಬೇರೆ ಗುಂಡಿಯಲ್ಲಿ ನೆಡುತ್ತೇವೆ. 'ಕಂದು' ಎಂಬ ಮಾತೇ ಚೆನ್ನಾಗಿದೆ. ತಮಿಳಿನ 'ಕನ್ರು' ಇದರ ಒಡಹುಟ್ಟು. ಅಲ್ಲಿ ಆ ಮಾತಿಗೆ ಕರು ಎಂಬ ಅರ್ಥವೂ ಉಂಟು, ಎಳೆಯ ಸಸಿ ಎಂಬ ಅರ್ಥವೂ ಉಂಟು. ತಾಯಿಹಸುವಿನ ಪಕ್ಕದಲ್ಲಿ ಕರು ನಿಂತಂತೆ ತಾಯಿಬಾಳೆಯ ಪಕ್ಕದಲ್ಲಿ ಕಂದು ನಿಲ್ಲುತ್ತದೆ ಎಂದು ನಮ್ಮ ಹಿರಿಯರು ಕಂಡಿದ್ದರು. ಹೋಲಿಕೆ ಸೊಗಸಾದದ್ದೇ. ಆದರೆ ಒಂದು ವ್ಯತ್ಯಾಸವಿದೆ. ಕರುವಿಗೆ ಅಪ್ಪನಿದ್ದಾನೆ, ಕಂದಿಗೆ ಅಪ್ಪನಿಲ್ಲ. ಕಂದು ತಾಯಿಯ ಮಗಳು ಎನ್ನುವುದಕ್ಕಿಂತ ಇನ್ನೊಂದು ಕಡೆ ಎದ್ದು ನಿಂತ ಅದೇ ತಾಯಿ ಎನ್ನುವುದು ಹೆಚ್ಚು ಸರಿ.

ಬಾಳೆಹಣ್ಣನ್ನು ಅಡ್ಡ ಕೊಯ್ದರೆ ನಡುವೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಬೀಜವಾಗಬೇಕಿದ್ದು ಬೀಜವಾಗದೆ ಉಳಿದವು. ಕಾಡಿನ ಮೂಲಬಾಳೆಯ ಹಣ್ಣಿನಲ್ಲಿ ಹಲ್ಲು ಮುರಿಯುವಂಥ ಗಟ್ಟಿ ಬೀಜಗಳೇ ತುಂಬಿರುತ್ತವೆ. ಅಂಥ ಎರಡು ಕಾಡುಜಾತಿಗಳು ಬೆರೆತು, ಬೀಜ ಕಟ್ಟದೆಯೂ ಹಣ್ಣು ಬಲಿಯುವ ಗಿಡಗಳು ಹುಟ್ಟಿದವು. ಮನುಷ್ಯ ಅವನ್ನು ಆರಿಸಿಕೊಂಡ. ನ್ಯೂಗಿನಿಯ ಕುಕ್ ಎಂಬ ಜೌಗು ನೆಲದಲ್ಲಿ ಸುಮಾರು 7,000 ವರ್ಷಗಳ ಹಿಂದೆಯೇ ಜನ ಬಾಳೆ ಬೆಳೆಸುತ್ತಿದ್ದರು ಎಂಬುದಕ್ಕೆ ಕುರುಹುಗಳು ಸಿಕ್ಕಿವೆ.

ನಮ್ಮ ರಸಬಾಳೆಗೆ ಬೀಜ ಏಕಿಲ್ಲ? ಪ್ರತಿ ಜೀವಕೋಶದಲ್ಲೂ ವಂಶದ ಗುಣಗಳನ್ನು ಹೊತ್ತ ವರ್ಣತಂತುಗಳಿರುತ್ತವೆ. ಕಾಡುಬಾಳೆಯಲ್ಲಿ ಅವು 11ರ ಎರಡು ಗುಂಪಾಗಿ ಒಟ್ಟು 22. ಪರಾಗವೋ ಅಂಡಾಣುವೋ ತಯಾರಾಗುವಾಗ ಈ ತಂತುಗಳು ಜೋಡಿ ಜೋಡಿಯಾಗಿ ನಿಂತು, ಆಮೇಲೆ ಸಮಪಾಲಾಗಿ ಬೇರೆಯಾಗುತ್ತವೆ. ರಸಬಾಳೆಯಲ್ಲಿ ಇರುವುದು ಮೂರು ಗುಂಪು, ಒಟ್ಟು 33. ಮೂವರು ಜೋಡಿಯಾಗಿ ನಿಲ್ಲುವುದು ಹೇಗೆ? ಪಾಲು ಸರಿಯಾಗಿ ಆಗುವುದಿಲ್ಲ, ಬೀಜ ಕಟ್ಟುವುದಿಲ್ಲ. ಆದ್ದರಿಂದ ರಸಬಾಳೆಗೆ ಕಂದಿನ ದಾರಿಯೊಂದೇ ದಾರಿ.

ಗಂಡು ಹೆಣ್ಣಿನ ಕೂಡುವಿಕೆಯಿಲ್ಲದೆ ಒಂದೇ ಜೀವಿಯಿಂದ ಸಂತಾನವಾಗುವ ಈ ಕ್ರಮವನ್ನು ಪಠ್ಯಪುಸ್ತಕಗಳಲ್ಲಿ ನಿರ್ಲಿಂಗ ಸಂತಾನೋತ್ಪತ್ತಿ ಎನ್ನುತ್ತಾರೆ. ಹೆಸರು ದೊಡ್ಡದಾದರೂ ವಿಷಯ ನಮಗೆ ಹೊಸದಲ್ಲ. ಅಮೀಬಾ ಇಬ್ಭಾಗವಾಗಿ ಎರಡಾಗುತ್ತದೆ. ಹುದುಗು ಬರಿಸುವ ಯೀಸ್ಟ್ ಮೈಮೇಲೆ ಮೊಗ್ಗು ಮೂಡಿಸಿಕೊಂಡು ಇಮ್ಮಡಿಯಾಗುತ್ತದೆ. ಕಾಡುಬಸಳೆಯ ಎಲೆಯನ್ನು ನೋಟುಪುಸ್ತಕದಲ್ಲಿ ಇಟ್ಟು ಅಂಚಿನಲ್ಲಿ ಮರಿಗಿಡ ಬಂತೇ ಎಂದು ಇಣುಕಿ ನೋಡದ ಮಕ್ಕಳು ನಿಮ್ಮಲ್ಲಿ ಕಡಿಮೆ. ವೀಳ್ಯದೆಲೆಯ ಬಳ್ಳಿ, ಮಲ್ಲಿಗೆ, ಹಿಪ್ಪುನೇರಳೆಗಳನ್ನು ತುಂಡು ನೆಟ್ಟು ಬೆಳೆಸುತ್ತೇವೆ. ಶುಂಠಿ, ಅರಿಸಿನಕ್ಕೆ ಗೆಡ್ಡೆ. ಕಬ್ಬಿಗೆ ಕಣ್ಣಿರುವ ತುಂಡು. ಅದೇ ತೋಟದಲ್ಲಿರುವ ತೆಂಗು ಅಡಿಕೆಗಳಿಗೆ ಮಾತ್ರ ಕಾಯಿಯನ್ನೇ ಮೊಳಕೆ ಬರಿಸಬೇಕು. ಒಬ್ಬ ರೈತನ ಒಂದು ಎಕರೆಯಲ್ಲಿ ಎರಡೂ ಪದ್ಧತಿಗಳು ಬೇಲಿಯಿಲ್ಲದೆ ಸಂಸಾರ ಮಾಡುತ್ತವೆ.

ಪ್ರಾಣಿಗಳಲ್ಲಿಯೂ ಇದುಂಟು. ಹೂಕುಂಡದ ಮಣ್ಣು ಕೆದಕಿದಾಗ ಎರೆಹುಳುವಿನಂತೆ ಕಾಣುವ, ಸ್ವಲ್ಪ ಹೊಳಪಿನ ಸಣ್ಣ ಕುರುಡು ಹಾವೊಂದು ಹೊರಬರುವುದುಂಟು. ಅದು ವಿಷವಿಲ್ಲದ ಬಡಪ್ರಾಣಿ, ಇರುವೆ ಗೆದ್ದಲುಗಳ ಮೊಟ್ಟೆ ಮರಿ ತಿಂದು ಬದುಕುತ್ತದೆ. ಈ ಜಾತಿಯಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು, ಎಲ್ಲವೂ ತಾವಾಗಿಯೇ ಮೊಟ್ಟೆಯಿಟ್ಟು ಹೆಣ್ಣುಮರಿಗಳನ್ನೇ ಪಡೆಯುತ್ತವೆ. ರಸಬಾಳೆಯಂತೆ ಇದರ ವರ್ಣತಂತುಗಳೂ ಮೂರು ಗುಂಪು. ಹೂಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಹಡಗು ಹತ್ತಿದರೂ ಸಾಕು, ಹೊಸ ದೇಶದಲ್ಲಿ ಅದರ ಸಂಸಾರ ಶುರು. ಹೀಗೆ ಅದು ಪ್ರಪಂಚದ ಬೆಚ್ಚನೆಯ ನಾಡುಗಳನ್ನೆಲ್ಲ ಸುತ್ತಿದೆ.

ಈಗ ಇನ್ನೊಂದು ದಾರಿ. ಗಿಡಗಳಲ್ಲೂ ಗಂಡು ಹೆಣ್ಣುಂಟು ಎಂಬುದು ಹೂಬಿಡುವ ಪಪ್ಪಾಯಿ ಸಾಲನ್ನು ನೋಡಿದ ರೈತನಿಗೆ ಹೊಸ ಸಂಗತಿಯಲ್ಲ. ಜೋತಾಡುವ ಹೂಗೊಂಚಲಿನ ಗಂಡು ಪಪ್ಪಾಯಿಯನ್ನು ಗುರುತಿಸಿ ಕಡಿದು ಹಾಕುತ್ತಾನೆ. ಆದರೆ ಇದನ್ನು ಪ್ರಯೋಗ ಮಾಡಿ ತೋರಿಸಿದ್ದು ಜರ್ಮನಿಯ ಟ್ಯೂಬಿಂಗೆನ್ನಿನ ಕಾಮೆರಾರಿಯಸ್ ಎಂಬ ವೈದ್ಯ. 1694ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಅವನು ಬಳಸಿದ ಗಿಡಗಳಲ್ಲಿ ನಮ್ಮ ಹರಳು ಗಿಡವೂ ಒಂದು. ಹರಳಿನ ಗಂಡುಹೂಗಳನ್ನು ಅರಳುವ ಮೊದಲೇ ಕಿತ್ತುಹಾಕಿದ, ಬೀಜ ಕಟ್ಟಲಿಲ್ಲ. ಗಂಡುಮರ ಹತ್ತಿರವಿಲ್ಲದ ಹಿಪ್ಪುನೇರಳೆಯ ಹಣ್ಣುಗಳಲ್ಲಿ ಬೀಜ ಜೊಳ್ಳಾಗಿತ್ತು. ಹೂವಿನ ಹಳದಿ ಪುಡಿ ಬರಿಯ ಧೂಳಲ್ಲ, ಅದು ತಂದೆಯ ಪಾಲು ಎಂದು ಅಲ್ಲಿಂದ ಸ್ಪಷ್ಟವಾಗುತ್ತ ಬಂತು.

ತಂದೆಯ ಅರ್ಧ, ತಾಯಿಯ ಅರ್ಧ ಸೇರಿ ಒಂದು ಬೀಜ. ಇದಿಷ್ಟೇ ಆಗಿದ್ದರೆ ಒಂದೇ ತಂದೆತಾಯಿಯ ಮಕ್ಕಳೆಲ್ಲ ಒಂದೇ ತರಹ ಇರಬೇಕಿತ್ತು. ಹಾಗೆ ಏಕಿಲ್ಲ? ಯಾವ ಅರ್ಧ ಎಂಬುದು ಪ್ರತಿ ಸಲವೂ ಬದಲಾಗುತ್ತದೆ. ಮನುಷ್ಯರದೇ ಲೆಕ್ಕ ತೆಗೆದುಕೊಳ್ಳಿ. ನಮ್ಮಲ್ಲಿ 23 ಜೋಡಿ ವರ್ಣತಂತುಗಳಿವೆ. ಒಂದು ಅಂಡಾಣುವಿಗೋ ವೀರ್ಯಾಣುವಿಗೋ ಪ್ರತಿ ಜೋಡಿಯಿಂದ ಒಂದೊಂದು ಹೋಗುತ್ತದೆ. ಎರಡನ್ನು ಇಪ್ಪತ್ತಮೂರು ಸಲ ಗುಣಿಸಿ ನೋಡಿ. ಬರುವ ಉತ್ತರ 83,88,608. ಎಂಬತ್ತನಾಲ್ಕು ಲಕ್ಷಕ್ಕೆ ಸ್ವಲ್ಪವೇ ಕಡಿಮೆ. ನಮ್ಮ ಹಿರಿಯರು ಜೀವರಾಶಿ ಎಂಬತ್ತನಾಲ್ಕು ಲಕ್ಷ ಎನ್ನುತ್ತಿದ್ದರು. ಇದು ಕಾಕತಾಳೀಯವೇ ಹೊರತು ಬೇರೇನಲ್ಲ. ಆದರೆ ಲೆಕ್ಕ ನೆನಪಿಟ್ಟುಕೊಳ್ಳಲು ಅನುಕೂಲ. ಇದು ಒಬ್ಬರ ಪಾಲಿನ ಲೆಕ್ಕ. ತಂದೆಯ ಕಡೆಯಿಂದಲೂ ಅಷ್ಟು, ತಾಯಿಯ ಕಡೆಯಿಂದಲೂ ಅಷ್ಟು. ಇದರ ಮೇಲೆ ಜೋಡಿ ತಂತುಗಳು ಬೇರೆಯಾಗುವ ಮೊದಲು ತುಣುಕುಗಳನ್ನು ಅದಲು ಬದಲು ಮಾಡಿಕೊಳ್ಳುವುದೂ ಇದೆ. ಹೀಗಾಗಿ ಅವಳಿ ಮಕ್ಕಳ ಮಾತು ಬಿಟ್ಟರೆ ನಿಮ್ಮಂಥವರು ಹಿಂದೆ ಹುಟ್ಟಿರಲಿಲ್ಲ, ಮುಂದೆಯೂ ಹುಟ್ಟುವುದಿಲ್ಲ.

ಮಾವಿನ ಕಥೆಯೂ ಇದೇ. ಒಳ್ಳೆಯ ಬಾದಾಮಿ ಹಣ್ಣು ತಿಂದು ಓಟೆಯನ್ನು ಹಿತ್ತಿಲಲ್ಲಿ ಹೂಳುತ್ತೇವೆ. ಏಳೆಂಟು ವರ್ಷ ಕಾದ ಮೇಲೆ ಬರುವ ಹಣ್ಣು ನಾರುನಾರಾಗಿ ಹುಳಿಯಾಗಿರುತ್ತದೆ. ಓಟೆ ಮೋಸ ಮಾಡಿತೆಂದು ಬೈಯುತ್ತೇವೆ. ಪಕ್ಕದ ಯಾವುದೋ ನಾಟಿಮರದ ಪರಾಗವನ್ನು ನೊಣವೋ ಜೇನೋ ತಂದು ಹಾಕಿರುತ್ತದೆ. ಇಸ್ಪೀಟಿನ ಎಲೆಗಳನ್ನು ಕಲಸಿ ಹಂಚಿದಂತೆ ಗುಣಗಳು ಹೊಸದಾಗಿ ಹಂಚಿಕೆಯಾಗಿರುತ್ತವೆ. ಬಾದಾಮಿಯೇ ಬೇಕಾದರೆ ಬಾದಾಮಿಯ ಕೊಂಬೆಯನ್ನು ಕಸಿ ಕಟ್ಟಬೇಕು. ಕಸಿ ಎಂದರೆ ಮಾವಿಗೆ ನಾವು ಕಲಿಸಿಕೊಟ್ಟ ಕಂದಿನ ದಾರಿ. ಮಾವಿನಲ್ಲೇ ಒಂದು ಅಪವಾದವೂ ಇದೆ. ಪಶ್ಚಿಮ ಕರಾವಳಿಯ ಕೆಲವು ತಳಿಗಳ ಒಂದೇ ಓಟೆಯಿಂದ ಮೂರು ನಾಲ್ಕು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಪಾಲಿಲ್ಲದೆ ತಾಯಿಯ ಜೀವಕೋಶದಿಂದಲೇ ಹುಟ್ಟಿದವು. ಬೀಜದಿಂದ ಬಂದದ್ದೆಲ್ಲ ಇಬ್ಬರ ಮಗು ಎಂದು ಪ್ರಕೃತಿ ಎಲ್ಲೂ ಬರೆದುಕೊಟ್ಟಿಲ್ಲ.

ಇಷ್ಟು ಕೇಳಿದ ಮೇಲೆ ಒಂದು ಸಂಶಯ ಬರಬೇಕು. ಕಂದಿನ ದಾರಿ ಇಷ್ಟು ಸುಲಭ, ಇಷ್ಟು ಖಚಿತ. ಹೂವಿನ ಬಣ್ಣ ಬೇಡ, ಜೇನುಹುಳು ಬೇಡ, ಗಂಡು ಬೇಡ. ಹತ್ತು ಮರಿ ಹಾಕುವ ಸಾಮಾನ್ಯ ಪ್ರಾಣಿಯಲ್ಲಿ ಸುಮಾರು ಐದು ಗಂಡಾದರೆ ಮುಂದಿನ ಸಲ ಮೊಟ್ಟೆಯಿಡುವವು ಐದೇ. ಕುರುಡು ಹಾವಿನ ಹತ್ತು ಮರಿಗಳಲ್ಲಿ ಹತ್ತೂ ಮೊಟ್ಟೆಯಿಡುತ್ತವೆ. ವ್ಯಾಪಾರಿಯ ಲೆಕ್ಕದಲ್ಲಿ ಬೀಜದ ದಾರಿ ಅರ್ಧಕ್ಕರ್ಧ ನಷ್ಟ. ಹಾಗಿದ್ದರೂ ಪ್ರಾಣಿಗಳಲ್ಲಿ, ಹೂಬಿಡುವ ಗಿಡಗಳಲ್ಲಿ ಬಹುಪಾಲು ಈ ನಷ್ಟದ ದಾರಿಯನ್ನೇ ಏಕೆ ಹಿಡಿದಿವೆ?

ಉತ್ತರವನ್ನು ನಾನು ಮೊದಲು ಕಂಡದ್ದು ಪುಸ್ತಕದಲ್ಲಲ್ಲ, ನಮ್ಮ ತಂದೆಯ ತೋಟದಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮಗೆ ಅರ್ಧ ಎಕರೆ ರಸಬಾಳೆಯಿತ್ತು. ಮನೆಯಲ್ಲಿ ಒಂದು ಚಿಪ್ಪು ಹಣ್ಣಾದರೆ ಬೀದಿಗೆಲ್ಲ ಗೊತ್ತಾಗುವಂಥ ಪರಿಮಳ. ಒಂದು ವರ್ಷ ಮೂಲೆಯ ಒಂದು ಗಿಡದ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾದವು. ನೀರು ಸಾಲದು ಎಂದು ನೀರು ಬಿಟ್ಟರು. ಎಲೆಗಳು ತೊಟ್ಟಿನಲ್ಲಿ ಮುರಿದು ಲಂಗದಂತೆ ಸುತ್ತ ಜೋತುಬಿದ್ದವು. ಬುಡ ಸೀಳಿತು. ಕಡಿದು ನೋಡಿದರೆ ದಿಂಡಿನ ಒಳಗೆಲ್ಲ ಕಂದುಗೆಂಪು ಗೆರೆಗಳು. ಆ ವರ್ಷ ಏಳೆಂಟು ಗಿಡ, ಮರುವರ್ಷ ಅರ್ಧ ತೋಟ. ತಂದೆಯವರು ಚೆನ್ನಾಗಿ ಕಂಡ ಗಿಡಗಳಿಂದ ಕಂದು ಆರಿಸಿ ಪಕ್ಕದ ಹೊಲದಲ್ಲಿ ನೆಟ್ಟರು. ರೋಗ ಆ ಕಂದುಗಳ ಗೆಡ್ಡೆಯಲ್ಲೇ ಕುಳಿತು ಪಕ್ಕದ ಹೊಲಕ್ಕೂ ಹೋಯಿತು. ಮೂರನೆಯ ವರ್ಷ ಅವರು ರಸಬಾಳೆ ಬಿಟ್ಟರು. "ಒಂದಾದರೂ ತಡೆದುಕೊಳ್ಳಬಾರದಿತ್ತೇ" ಎಂದು ಅವರು ಆಗಾಗ ಹೇಳುತ್ತಿದ್ದ ಮಾತು ನನ್ನ ಕಿವಿಯಲ್ಲಿದೆ. ಒಂದೂ ತಡೆಯಲಿಲ್ಲ, ಏಕೆಂದರೆ ಅಲ್ಲಿದ್ದದ್ದು ಐನೂರು ಗಿಡಗಳಲ್ಲ. ಐನೂರು ಕಡೆ ನಿಂತಿದ್ದ ಒಂದೇ ಗಿಡ.

ಆ ರೋಗವೇ ಪನಾಮಾ ಸೊರಗು ರೋಗ. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನ ಮೂಲಕ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಒಮ್ಮೆ ನೆಲಕ್ಕೆ ಬಂದರೆ ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದಿದೆ, ಹೆಸರು ದೊಡ್ಡದಾಗಿದೆ. ಆದರೆ ನಂಜನಗೂಡಿನ ಸುತ್ತ ಅದನ್ನು ಬೆಳೆಯುತ್ತಿದ್ದ ನೆಲ ಈ ರೋಗದಿಂದಲೇ ಬಹಳವಾಗಿ ಕುಗ್ಗಿಹೋಯಿತು. ಅಂಗಾಂಶ ಕೃಷಿಯಿಂದ ರೋಗವಿಲ್ಲದ ಸಸಿ ತಯಾರಿಸಿ ಕೊಡುತ್ತಾರೆ. ಅದು ಒಳ್ಳೆಯ ಕೆಲಸ. ಆದರೆ ರೋಗವಿಲ್ಲದ ಸಸಿ ಬೇರೆ, ರೋಗ ತಡೆಯುವ ಸಸಿ ಬೇರೆ. ಗಾಜಿನ ಸೀಸೆಯಲ್ಲಿ ಹುಟ್ಟಿದರೂ ಅದು ಹಳೆಯ ತಾಯಿಯ ಪ್ರತಿಯೇ. ರೋಗದ ಮಣ್ಣಿಗಿಟ್ಟರೆ ಮತ್ತೆ ಸೊರಗುತ್ತದೆ.

ನಮ್ಮೂರಿನ ಈ ಕಥೆ ಪ್ರಪಂಚದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಮಧ್ಯ ಅಮೆರಿಕದ ದೇಶಗಳಿಂದ ಹಡಗು ಹಡಗಾಗಿ ರಫ್ತಾಗುತ್ತಿದ್ದದ್ದು ಗ್ರೋಸ್ ಮಿಶೆಲ್ ಎಂಬ ಒಂದೇ ತಳಿಯ ಬಾಳೆ. ಪನಾಮಾ ರೋಗಕ್ಕೆ ಅದು ಬಲಿಯಾಗಿ, 1960ರ ದಶಕದ ಹೊತ್ತಿಗೆ ರಫ್ತು ಮಾರುಕಟ್ಟೆಯಿಂದ ಮರೆಯಾಯಿತು. ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಶ್. ಇಂಗ್ಲೆಂಡಿನ ಚಾಟ್ಸ್‌ವರ್ತ್ ಎಂಬಲ್ಲಿ ಕ್ಯಾವೆಂಡಿಶ್ ಮನೆತನದ ಡ್ಯೂಕರ ಗಾಜಿನಮನೆಯಲ್ಲಿ 1835ರಲ್ಲಿ ಹೂಬಿಟ್ಟ ಬಾಳೆಯಿಂದ ಈ ಹೆಸರು ಬಂತು. ನಮ್ಮ ಪಚ್ಚಬಾಳೆ, ಈಗ ಎಲ್ಲೆಲ್ಲೂ ಕಾಣುವ ಜಿ-9 ಇದೇ ಬಳಗದವು. ಹಳೆಯ ರೋಗವನ್ನು ಇದು ತಡೆದುಕೊಂಡಿತು. ಎಲ್ಲರೂ ನಿಶ್ಚಿಂತರಾದರು, ಎಲ್ಲರೂ ಇದನ್ನೇ ನೆಟ್ಟರು. ಅಷ್ಟರಲ್ಲಿ ಅದೇ ಶಿಲೀಂಧ್ರದ ಹೊಸ ಬಗೆಯೊಂದು ಪೂರ್ವ ಏಷ್ಯಾದ ಕಡೆಯಿಂದ ಎದ್ದಿತು. ಕ್ಯಾವೆಂಡಿಶನ್ನೂ ಕೊಲ್ಲುವ ಈ ಬಗೆ ಕಳೆದ ದಶಕದಲ್ಲಿ ನಮ್ಮ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿತು. 2019ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಕ್ಕೂ ತಲುಪಿತು.

ಬಾಳೆ ಹೋದರೆ ಹಣ್ಣು ಹೋಯಿತು, ಜನ ಬದುಕುತ್ತಾರೆ. ಆದರೆ ಅದೇ ತಪ್ಪು ಹೊಟ್ಟೆಯ ಅನ್ನದಲ್ಲಿ ಆದರೆ? ಐರ್ಲೆಂಡಿನ ಬಡವರು ಆಲೂಗಡ್ಡೆಯನ್ನೇ ನಂಬಿದ್ದರು, ಅದರಲ್ಲೂ ಹೆಚ್ಚಾಗಿ ಲಂಪರ್ ಎಂಬ ಒಂದೇ ತಳಿ. ಗಡ್ಡೆ ನೆಟ್ಟು ಗಡ್ಡೆ ಕೀಳುವ ಬೆಳೆ ಅದು, ಬಾಳೆಯ ಕಂದಿನಂತೆಯೇ. 1845ರಲ್ಲಿ ಅಂಗಮಾರಿ ರೋಗ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಕಾಯಿಲೆಯಿಂದ ಸತ್ತರು, ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. ಜಮೀನ್ದಾರಿಯ ಕ್ರೌರ್ಯ, ಸರ್ಕಾರದ ಉದಾಸೀನ ಎಲ್ಲವೂ ಅದಕ್ಕೆ ಸೇರಿದವು ನಿಜ. ಆದರೆ ಬೆಂಕಿ ಹತ್ತಿದ್ದು ಒಂದೇ ತರಹದ ಗಡ್ಡೆಗಳ ಹೊಲದಲ್ಲಿ. ಹಾಸನದ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಅಂಗಮಾರಿ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ.

ರೋಗವನ್ನು ಕಳ್ಳನೆಂದುಕೊಳ್ಳಿ. ಒಂದು ಬೀದಿಯ ನೂರು ಮನೆಗೂ ಒಂದೇ ಬೀಗ ಹಾಕಿದ್ದರೆ ಕಳ್ಳನಿಗೆ ಒಂದು ಕೀಲಿಕೈ ಸಾಕು. ಶಿಲೀಂಧ್ರ, ಬ್ಯಾಕ್ಟೀರಿಯ, ವೈರಸ್‌ಗಳು ಗಳಿಗೆಗೊಂದು ತಲೆಮಾರು ಹುಟ್ಟುವಂಥವು. ಕೀಲಿಕೈ ಬದಲಾಯಿಸುತ್ತಲೇ ಇರುತ್ತವೆ. ಬೀಜದ ದಾರಿ ಹಿಡಿದವರು ಪ್ರತಿ ತಲೆಮಾರಿನಲ್ಲೂ ಬೀಗ ಬದಲಾಯಿಸುತ್ತಾರೆ. ನೂರರಲ್ಲಿ ಕೆಲವು ಮನೆ ಲೂಟಿಯಾದರೂ ಉಳಿದವು ಉಳಿಯುತ್ತವೆ. ನ್ಯೂಜಿಲೆಂಡಿನ ಕೆರೆಗಳಲ್ಲಿ ಒಂದು ಸಣ್ಣ ಬಸವನಹುಳುವಿದೆ. ಅದರಲ್ಲಿ ಗಂಡಿನೊಡನೆ ಕೂಡಿ ಮರಿ ಪಡೆಯುವವೂ ಇವೆ, ಒಂಟಿಯಾಗಿಯೇ ಪಡೆಯುವವೂ ಇವೆ. ಕರ್ಟಿಸ್ ಲೈವ್ಲಿ ಎಂಬ ವಿಜ್ಞಾನಿ 1987ರಲ್ಲಿ ತೋರಿಸಿದಂತೆ, ಪರೋಪಜೀವಿ ಹುಳುಗಳ ಕಾಟ ಹೆಚ್ಚಿರುವ ಕಡೆ ಗಂಡುಗಳ ಸಂಖ್ಯೆಯೂ ಹೆಚ್ಚು. ಕಾಟವಿಲ್ಲದಲ್ಲಿ ಒಂಟಿತಾಯಿಯರದೇ ರಾಜ್ಯ.

ಚಳಿದೇಶಗಳ ಸಸ್ಯಹೇನು ಇನ್ನೂ ಜಾಣ. ಬೇಸಿಗೆಯುದ್ದಕ್ಕೂ ಸೊಂಪಾದ ಚಿಗುರಿರುವಾಗ ಗಂಡಿಲ್ಲದೆ ಹೆಣ್ಣುಮರಿಗಳನ್ನೇ ಹಾಕುತ್ತ ಹೋಗುತ್ತದೆ. ಚಳಿ ಸಮೀಪಿಸಿದಾಗ ಗಂಡುಗಳೂ ಹುಟ್ಟುತ್ತವೆ; ಕೂಡಿ ಇಟ್ಟ ಮೊಟ್ಟೆಗಳು ಹಿಮದಲ್ಲಿ ಕಾಯ್ದುಕೊಂಡಿರುತ್ತವೆ. ಒಳ್ಳೆಯ ಕಾಲದಲ್ಲಿ ಕಂದು, ಕಷ್ಟಕಾಲಕ್ಕೆ ಬೀಜ. ಎರಡೂ ಬಾಗಿಲನ್ನು ತೆರೆದಿಟ್ಟುಕೊಳ್ಳುವುದರಲ್ಲಿ ಜಾಣತನವಿದೆ.

ಮನುಷ್ಯ ಹಾಗೆ ಎರಡನೆಯ ಬಾಗಿಲು ತೆರೆದ ಒಂದು ಒಳ್ಳೆಯ ಉದಾಹರಣೆ ನಮ್ಮ ಹತ್ತಿರದಲ್ಲೇ ಇದೆ. ಕಬ್ಬಿಗೆ ಮೊಳೆಯುವ ಬೀಜವೇ ಇಲ್ಲವೆಂದು ಪ್ರಪಂಚ ಬಹುಕಾಲ ನಂಬಿತ್ತು. ಸೂಲಂಗಿ ಬಂದ ಕಬ್ಬನ್ನು ಕಂಡರೆ ರೈತ ಇಂದಿಗೂ ಮುಖ ಸಿಂಡರಿಸುತ್ತಾನೆ, ರಸ ಕಡಿಮೆಯಾಗುತ್ತದೆಂದು. ಆ ಸೂಲಂಗಿಯಲ್ಲೇ ಧೂಳಿನಷ್ಟು ಸಣ್ಣ ಬೀಜಗಳಿರುತ್ತವೆ ಎಂಬುದು 1880ರ ದಶಕದಲ್ಲಿ ಜಾವಾ ಮತ್ತು ಬಾರ್ಬಡೋಸ್ ದ್ವೀಪಗಳಲ್ಲಿ ಖಚಿತವಾಯಿತು. ಕಬ್ಬು ಸಲೀಸಾಗಿ ಹೂಬಿಡುವ ಕೊಯಮತ್ತೂರಿನಲ್ಲಿ 1912ರಲ್ಲಿ ಕಬ್ಬಿನ ತಳಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಸಿಹಿಗಬ್ಬಿನ ಹೂವಿಗೆ ಹೊಳೆದಂಡೆಯ ಕಾಡುಕಬ್ಬಿನ ಪರಾಗ ಸೇರಿಸಿದರು. ಸಂಸ್ಕೃತದಲ್ಲಿ ಕಾಶ ಎನ್ನುವ, ಬಿಳಿ ತುರಾಯಿಯ ಆ ಕಾಡು ಹುಲ್ಲಿನಲ್ಲಿ ಸಿಹಿಯಿಲ್ಲ; ಆದರೆ ಬರ, ಚಳಿ, ರೋಗಗಳನ್ನು ತಡೆಯುವ ಕಸುವಿದೆ. ಅವರಿಬ್ಬರ ಮಗುವಾದ ಕೊ 205 ತಳಿ 1918ರಲ್ಲಿ ಹೊಲಕ್ಕೆ ಬಂತು. 1930ರ ದಶಕದಲ್ಲಿ ಅಲ್ಲಿಯೇ ಕೆಲಸ ಮಾಡಿದ ತಲಶ್ಶೇರಿಯ ಜಾನಕಿ ಅಮ್ಮಾಳ್ ಕಬ್ಬಿನ ವರ್ಣತಂತುಗಳನ್ನು ಎಣಿಸಿ, ದೂರದ ಸಂಬಂಧಿಗಳೊಡನೆಯೂ ಅದನ್ನು ಬೆರೆಸಿ ನೋಡಿದರು. ನಮ್ಮ ರೈತರು ಬಲ್ಲ ಕೊ 419, ಕೊ 62175, ಕೊ 86032 ಎಲ್ಲದರ ತವರು ಆ ಊರೇ; 'ಕೊ' ಎಂದರೆ ಕೊಯಮತ್ತೂರು.

ಆದರೆ ಇಲ್ಲಿಯೂ ಪಾಠ ಮುಗಿಯಲಿಲ್ಲ. ಬೀಜದಿಂದ ಹುಟ್ಟಿದ ಒಂದು ಒಳ್ಳೆಯ ಕಬ್ಬನ್ನು ಆಮೇಲೆ ನಾವು ತುಂಡಿನಿಂದಲೇ ಬೆಳೆಸುತ್ತೇವೆ. 2009ರಲ್ಲಿ ಬಿಡುಗಡೆಯಾದ ಕೊ 0238 ಉತ್ತರ ಪ್ರದೇಶದ ರೈತರಿಗೆ ಹಣ ತಂದಿತು. ಕಬ್ಬಿನ ನೆಲದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಅದೊಂದೇ ತಳಿ ಆವರಿಸಿತು. ಹತ್ತು ವರ್ಷ ಕಳೆಯುತ್ತಿದ್ದಂತೆ ಕೆಂಪು ಕೊಳೆ ರೋಗ ಅದಕ್ಕೆ ತಕ್ಕ ಕೀಲಿಕೈ ಮಾಡಿಕೊಂಡಿತು. ರೈತರು ಮತ್ತೆ ಬೇರೆ ತಳಿಗಳಿಗೆ ಹೋಗಬೇಕಾಯಿತು. ಹೋಗಲು ಬೇರೆ ತಳಿಗಳಿದ್ದವು ಎಂಬುದೇ ಸಮಾಧಾನ. ಅವು ಇದ್ದದ್ದು ಕಬ್ಬಿನ ಬೀಜದ ಬಾಗಿಲು ತೆರೆದೇ ಇದ್ದುದರಿಂದ.

ಬಾಳೆಗೆ ಈ ಬಾಗಿಲು ಬಹಳ ಬಿಗಿ. ಟ್ರಿನಿಡಾಡಿನಲ್ಲಿ 1922ರಿಂದ ಪ್ರಯತ್ನ ನಡೆಯಿತು. ಹೊಂಡುರಾಸ್‌ನಲ್ಲಿ ಫಿಲಿಪ್ ರೋವ್ ಎಂಬವರು ಸಾವಿರಾರು ಗೊನೆಗಳ ಹೂಗಳಿಗೆ ಕೈಯಿಂದ ಪರಾಗ ಸವರಿಸಿ, ಹಣ್ಣು ಹಿಸುಕಿ ಜರಡಿ ಹಿಡಿದು, ಅಪರೂಪಕ್ಕೆ ಸಿಕ್ಕ ಬೀಜಗಳಿಂದ ಹೊಸ ಬಾಳೆ ಮಾಡಿದರು. ತಿರುಚಿರಾಪಳ್ಳಿಯಲ್ಲಿ 1993ರಿಂದ ಇರುವ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲೂ ಈ ಕೆಲಸ ಸಾಗಿದೆ. ಆಸ್ಟ್ರೇಲಿಯದಲ್ಲಿ 2024ರಲ್ಲಿ ವಂಶವಾಹಿ ತಿದ್ದಿದ ಕ್ಯಾವೆಂಡಿಶ್ ಒಂದಕ್ಕೆ ಅನುಮತಿ ಸಿಕ್ಕಿತು. ಹೊಸ ರೋಗವನ್ನು ತಡೆಯಲು ಅದರಲ್ಲಿ ಸೇರಿಸಿದ ವಂಶವಾಹಿ ಬಂದದ್ದು ಎಲ್ಲಿಂದ ಗೊತ್ತೇ? ಬೀಜ ತುಂಬಿದ, ಯಾರೂ ತಿನ್ನದ ಒಂದು ಕಾಡುಬಾಳೆಯಿಂದ. ಅಂಥ ವಿಧಾನ ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಆದರೆ ಕಾಡುಬಾಳೆ ಉಳಿದಿರದಿದ್ದರೆ ಚರ್ಚೆಗೂ ವಸ್ತು ಇರುತ್ತಿರಲಿಲ್ಲ.

ಬೀಜದ ಬಾಗಿಲು ತೆರೆದಿದ್ದರೂ ನಾವೇ ಮುಚ್ಚುತ್ತಿರುವ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಬಾಗಿಲ ತೋರಣದ ಮಾವಿಗೆ ಮರಳೋಣ. ಮಲೆನಾಡಿನ ಶರಾವತಿ, ಅಘನಾಶಿನಿ, ವರದಾ, ಕುಮುದ್ವತಿ ಹೊಳೆಗಳ ದಂಡೆಯಲ್ಲಿ ಅಪ್ಪೆಮಿಡಿ ಮರಗಳಿವೆ. ಯಾರೂ ನೆಟ್ಟದ್ದಲ್ಲ, ಹಣ್ಣು ನೀರಿಗೆ ಬಿದ್ದು, ಓಟೆ ತೇಲಿ, ಎಲ್ಲೋ ದಡ ಹತ್ತಿ ಮೊಳೆತವು. ಬೀಜದ ಮಕ್ಕಳಾದ್ದರಿಂದ ಒಂದು ಮರದ ಪರಿಮಳ ಇನ್ನೊಂದಕ್ಕಿಲ್ಲ. ಒಂದರ ಸೊನೆ ಜೀರಿಗೆಯ ವಾಸನೆ, ಇನ್ನೊಂದರದು ಕರ್ಪೂರ. ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ ಎಂದು ಮರಕ್ಕೊಂದು ಹೆಸರು. ಉಪ್ಪಿನಕಾಯಿಯ ಪೇಟೆ ಬೆಳೆದ ಮೇಲೆ ಮಿಡಿಗೆ ಬೆಲೆ ಬಂತು. ಕೊಂಬೆಯನ್ನೇ ಕಡಿದು ಮಿಡಿ ಇಳಿಸುವುದು ಶುರುವಾಯಿತು. ಎಲ್ಲ ಮಿಡಿಯೂ ಜಾಡಿಗೆ ಹೋದರೆ ಹಣ್ಣಾಗುವುದು ಯಾವುದು? ಹೊಳೆಗೆ ಬೀಳುವ ಓಟೆ ಎಲ್ಲಿ? ಒಳ್ಳೆಯ ಮರಗಳನ್ನು ಆಸಕ್ತರು ಕಸಿ ಕಟ್ಟಿ ಉಳಿಸುತ್ತಿದ್ದಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಸಂಗ್ರಹಿಸಿದ್ದಾರೆ. ಅವರಿಗೆ ನಮಸ್ಕಾರ. ಆದರೆ ಕಸಿಯಿಂದ ಉಳಿಯುವುದು ಈಗಾಗಲೇ ಹುಟ್ಟಿದ ಮರ. ಇನ್ನೂ ಹುಟ್ಟದ ಮರ ಹುಟ್ಟಬೇಕಾದರೆ ಕೆಲವು ಮಿಡಿ ಹಣ್ಣಾಗಿ ಹೊಳೆಗೆ ಬೀಳಲೇಬೇಕು.

ಆದ್ದರಿಂದ ರೈತಬಾಂಧವರಲ್ಲಿ ನನ್ನ ಕೋರಿಕೆ ಇಷ್ಟು. ಕಂದು ನೆಡಬೇಡಿ, ಕಸಿ ಕಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ರಸಬಾಳೆಯ ಪರಿಮಳ ಇಷ್ಟು ಕಾಲ ಕೆಡದೆ ನಮಗೆ ಬಂದದ್ದು ಕಂದಿನ ನಿಷ್ಠೆಯಿಂದಲೇ. ಆದರೆ ಇಡೀ ಊರಿಗೆ ಒಂದೇ ತಳಿ ನೆಡಬೇಡಿ. ಬದುವಿನಲ್ಲಿ ಒಂದೆರಡು ನಾಟಿ ಮಾವು ಇರಲಿ, ಅದರ ಹುಳಿಗೆ ಬೈಯುತ್ತಲೇ ಇರಲಿ ಬಿಡಿ. ಕಾಡುಜಾತಿಗಳು ಕೆಲಸಕ್ಕೆ ಬಾರದವು ಎಂದುಕೊಳ್ಳಬೇಡಿ. ಕಂದಿನಿಂದ ಇಂದಿನ ಊಟ ನಡೆಯುತ್ತದೆ. ನಾಳೆಯ ರೋಗಕ್ಕೆ ಉತ್ತರವಿದ್ದರೆ ಅದು ಬೀಜದಲ್ಲಿರುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಕೆಲಸ ಹೇಳುತ್ತೇನೆ. ಈ ಬೇಸಿಗೆಯಲ್ಲಿ ನಿಮ್ಮ ಊರಿನ ನಾಟಿ ಮಾವಿನ ಮರಗಳನ್ನು ಎಣಿಸಿ. ಯಾವುದು ಎಂಥ ರುಚಿ, ಅದಕ್ಕೆ ಅಜ್ಜಿ ಏನು ಹೆಸರಿಟ್ಟಿದ್ದಾರೆ, ಕೇಳಿ ಬರೆದಿಡಿ. ತಿಂದ ಓಟೆಗಳಲ್ಲಿ ಒಂದನ್ನಾದರೂ ಹೂತು ನೀರು ಹಾಕಿ. ಏಳೆಂಟು ವರ್ಷಕ್ಕೆ ಅದು ಫಲ ಕೊಟ್ಟಾಗ ಸಿಹಿಯೋ ಹುಳಿಯೋ ಯಾರೂ ಈಗಲೇ ಹೇಳಲಾರರು. ನಮ್ಮ ತಂದೆಯವರ ತೋಟದಲ್ಲಿ ಇಲ್ಲದೇ ಹೋದದ್ದು ಆ ಹೇಳಲಾರದ ಒಂದು ಗಿಡವೇ.